ಟವಲಿನ ಕೆಳಗಿನ ಬೆರಳುಗಳು

ಕೊಕ್ಕರೆ ಬೆಳ್ಳೂರು
೧೨ ಏಪ್ರಿಲ್ ೨೦೨೫, ಶನಿವಾರ

ನಮ್ಮ ಎರಡೂ ಮನೆತನಗಳಲ್ಲಿ ಪುಸ್ತಕ ಅಂತ ಒಂದನ್ನು ಬರೆದ ಮೊದಲನೆಯವಳಾದ ನಯನಳಿಗೆ, ನಿನ್ನ ಸೋದರಮಾವ ಸಿದ್ದರಾಮು ಮಾಡುವ ಆಶೀರ್ವಾದ.

ಈ ವರ್ಷ ಹೆಜ್ಜಾರ್ಲೆ ಹಕ್ಕಿಗಳು ನನ್ನ ಅಪ್ಪಣೆ ಪಡೆದೇ ನಮ್ಮೂರಲ್ಲಿ ಗೂಡು ಕಟ್ಟಿದವು. ಒಂದು ಬೆಳಿಗ್ಗೆ ಅವುಗಳ ಯಜಮಾನ ಕೆಳಗಿಳಿದು ಬಂದು, ನನ್ನ ಜಗಲಿಯ ಮುಂದೆ ನಿಂತು, ಆ ಉದ್ದದ ಕೊಕ್ಕನ್ನು ನೆಲಕ್ಕೆ ತಾಗಿಸಿ ಕೇಳಿತು. ಹೋದ ವರ್ಷದ ಹುಣಸೆಮರವೇ ಇರಲಿ, ಆದರೆ ನನ್ನ ಸೂರಿನ ಮೇಲೆ ಗಲೀಜು ಮಾಡಕೂಡದು ಅಂತ ಕರಾರು ಮಾಡಿ ಒಪ್ಪಿಕೊಂಡೆ. ಅರಣ್ಯ ಇಲಾಖೆಯವರು ಈ ಸಂಗತಿಯನ್ನು ಎಲ್ಲೂ ಬರೆದುಕೊಂಡಿಲ್ಲ. ಅವರಿಗೆ ಹೊಟ್ಟೆಯುರಿ.

ಬೇರೆ ದಿನವಾಗಿದ್ದರೆ ಇಷ್ಟಕ್ಕೆ ನೀನು ನಗುತ್ತಿದ್ದೆ. ಈಗ ನಕ್ಕಿರುವುದಿಲ್ಲ ಅಂತ ನನಗೆ ಗೊತ್ತು.

ಅಕ್ಕ ಮಳವಳ್ಳಿಯಿಂದ ಫೋನ್ ಮಾಡಿದ್ದಳು. ನೀನು ಮಂಡ್ಯದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೀಯಂತೆ. ಸ್ಕೂಲಿಗೆ ಪಾಠ ಮಾಡಲು ಹೋಗುತ್ತಿಲ್ಲ, ತಲೆ ಬಾಚುತ್ತಿಲ್ಲ, ತಂದಿಟ್ಟ ಊಟ ತಂದ ಹಾಗೇ ಇರುತ್ತದೆ, ಬರೆದ ಕಾದಂಬರಿಯನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕುತ್ತೇನೆ ಅನ್ನುತ್ತಿದ್ದೀಯ, ಹೀಗೆಲ್ಲ ಹೇಳಿ ಅತ್ತಳು. ಕೊನೆಗೆ ಅಂದಳು, "ಆ ಕೂಸು ನಿನ್ನೊಬ್ಬುನ್ ಮಾತೇ ಕಣ್ಲಾ ಕೇಳಾದು. ಏನಾರ ಬರಿ. ಬರಿವಾಗ ವಸಿ ಸುಳ್ಳು ಕಮ್ಮಿ ಮಾಡು." ನಿನಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಕಾಗದ. ಇದಕ್ಕೆ ಕಟ್ ಮಾಡುವ ಗುಂಡಿ ಇಲ್ಲ.

ನೀನು ಕಳಿಸಿದ ಜೆರಾಕ್ಸ್ ಪ್ರತಿಯನ್ನು ಪೂರ್ತಿ ಓದಿದೆ. ನಾನು ಏಳನೇ ಕ್ಲಾಸನ್ನು ಎರಡು ಸಲ ಓದಿದವನು. ಒಂದು ಸಲಕ್ಕೆ ಮೇಷ್ಟ್ರಿಗೆ ತೃಪ್ತಿಯಾಗಿರಲಿಲ್ಲ. ಆದರೂ ಒಂದು ಅಕ್ಷರ ಬಿಟ್ಟಿಲ್ಲ. ಕುರಿಗಳನ್ನು ಕೆರೆ ಏರಿಯ ಮೇಲೆ ಬಿಟ್ಟು, ಕಲ್ಲಿನ ಮೇಲೆ ಕೂತು ಓದುತ್ತಿದ್ದೆ. ನಿನ್ನ ಕಥೆಯ ಹುಡುಗಿಗೆ ಅಪ್ಪ ತೀರಿಕೊಂಡು, ಸ್ಕೂಲು ಬಿಡುವ ಹಾಗಾಗಿ, ಊರವರೆಲ್ಲ ಆಡಿಕೊಳ್ಳುವಾಗ ನಾನು ಹಾಳೆ ಮಡಿಸಿಟ್ಟು ಒಂದು ಬೀಡಿ ಸೇದಿ ಬಂದೆ. ಆಮೇಲೆ ಅವಳ ಸೋದರಮಾವ ಬಂದ. ಟಗರಿನ ವ್ಯಾಪಾರದಲ್ಲಿ ಎರಡು ಲಕ್ಷ ಕಳೆದುಕೊಂಡು, ಮರುದಿನ ಬೆಳಿಗ್ಗೆ ಏನೂ ಆಗಿಲ್ಲವೆಂಬಂತೆ ಸಿಳ್ಳೆ ಹಾಕಿಕೊಂಡು ಕುರಿರೊಪ್ಪ ಗುಡಿಸಿದ. ಅದನ್ನು ನೋಡಿ ಹುಡುಗಿ ಧೈರ್ಯ ತಂದುಕೊಂಡಳು, ಓದಿದಳು, ದೊಡ್ಡವಳಾದಳು. ಆ ಅಧ್ಯಾಯ ಬಂದಾಗ ನಾನು ಅಕ್ಕಪಕ್ಕ ನೋಡಿದೆ. ಕುರಿಗಳಿಗಾದರೂ ಓದಿ ಹೇಳೋಣ ಅನ್ನಿಸಿತು. ಹೇಳಿದೆ ಕೂಡ.

ಆ ಪ್ರತಿಯ ಜೊತೆ ನೀನು ಎರಡು ಚೀಟಿ ಇಟ್ಟಿದ್ದೆ. ಒಂದು ಮೈಸೂರಿನ ಪ್ರಕಾಶನದವರದ್ದು. ಈ ಕಥೆಯ ಹುಡುಗಿ ಕಷ್ಟಪಟ್ಟು ಬೆಳೆಯುವುದಿಲ್ಲ, ಮಾವನನ್ನು ನೋಡಿ ಬೆಳೆಯುತ್ತಾಳೆ, ಆದರೆ ಇಂಥ ಮಾವ ಎಲ್ಲೂ ಇರುವುದಿಲ್ಲ, ನಂಬುವ ಹಾಗಿಲ್ಲ, ಆದ್ದರಿಂದ ಹಿಂದಿರುಗಿಸುತ್ತಿದ್ದೇವೆ ಅಂತ ಬರೆದಿದ್ದರು. ಇನ್ನೊಂದು ನಿನ್ನದು. ಅದು ನನಗೆ ಬಾಯಿಪಾಠವಾಗಿದೆ. ಇಂಥ ಮಾವ ಇದ್ದಾನೆ ಅಂತ ನನಗೆ ಗೊತ್ತು, ಆದರೆ ನಾನು ನಿಮ್ಮ ಅಕ್ಕನ ಮಗಳು ಅನ್ನಿಸಿಕೊಳ್ಳಲು ಲಾಯಕ್ಕಿಲ್ಲ, ನೀವು ಅಷ್ಟು ಕಳೆದುಕೊಂಡು ಮರುದಿನವೇ ಎದ್ದಿರಿ, ನನಗೆ ಒಂದು ಕಟ್ಟು ಹಾಳೆ ವಾಪಸ್ ಬಂದದ್ದಕ್ಕೇ ಎದ್ದು ಮುಖ ತೊಳೆಯಲು ಆಗುತ್ತಿಲ್ಲ ಅಂತ.

ಆ ಚೀಟಿ ಓದಿದ ಮೇಲೆ, ನಾನು ದಿನಾ ಕೂತು ಕಥೆ ಹೊಡೆಯುವ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟೆ.

ನೀನು ಪಿಯುಸಿ ಓದುವಾಗಿನಿಂದ ನನಗೆ ಲೈಬ್ರರಿ ಕಾದಂಬರಿ ತಂದುಕೊಡುತ್ತಿದ್ದೆಯಲ್ಲ, ಎಲ್ಲದರಲ್ಲೂ ಒಂದು ಮಗು ಇರುತ್ತದೆ. ಅದರ ಅಪ್ಪನೋ ಅವ್ವನೋ ಸಾಯುತ್ತಾರೆ, ಚಿಕ್ಕಮ್ಮ ಊಟಕ್ಕಿಡುವುದಿಲ್ಲ, ಮಳೆಯಲ್ಲಿ ಆಚೆಗೆ ತಳ್ಳುತ್ತಾರೆ. ಇನ್ನು ಈ ಮಗು ಮುಗಿಯಿತು ಅನ್ನುವ ಹೊತ್ತಿಗೆ ಒಬ್ಬ ದೊಡ್ಡವನು ಬರುತ್ತಾನೆ. ಮೇಷ್ಟ್ರೋ ಅಜ್ಜನೋ, ಯಾರೋ ಒಬ್ಬ. ಅವನು ಎರಡು ಮಾತು ಹೇಳುತ್ತಾನೆ, ಮಗು ಕಣ್ಣೊರೆಸಿಕೊಂಡು ಮುಂದಿನ ಅಧ್ಯಾಯಕ್ಕೆ ಹೋಗುತ್ತದೆ. ಆ ದೊಡ್ಡವನು ಮನೆಗೆ ಹೋಗಿ ಏನು ಮಾಡಿದ, ಅವನಿಗೆ ಊಟ ಇತ್ತೋ ಇಲ್ಲವೋ, ಅವನು ಬಿದ್ದಾಗ ಎತ್ತಿದವರು ಯಾರು, ಇದನ್ನು ಯಾರೂ ಬರೆದದ್ದು ನಾನು ಕಂಡಿಲ್ಲ. ನೀನೂ ಬರೆದಿಲ್ಲ. ನಿನ್ನ ತಪ್ಪಲ್ಲ, ನಾನು ಹೇಳಿರಲಿಲ್ಲ.

ಈಗ ಹೇಳುತ್ತೇನೆ. ಎದ್ದು ಕೂತು ಓದು.

ನಿನಗೆ ಆಗ ಎಂಟು ವರ್ಷ. ಅದಕ್ಕೆ ಹಿಂದಿನ ದಸರಾದ ಹೊತ್ತಿನಲ್ಲಿ ನಾನು ಕಿರುಗಾವಲು ಸಂತೆಗೆ ಬಂಡೂರು ಟಗರು ತರಲು ಹೋದೆ. ನಮ್ಮ ಊರಿನ ಕುರಿಗಳಿಗೆಲ್ಲ ಅಸಲಿ ಬಂಡೂರು ಮರಿ ಹುಟ್ಟಿಸುತ್ತೇನೆ, ಆ ತಳಿಯ ತವರಾದ ಮಳವಳ್ಳಿ ಕಡೆಯವರೇ ಇನ್ನು ಮುಂದೆ ನಮ್ಮೂರಿಗೆ ಬಂದು ಮರಿ ಕೊಳ್ಳಬೇಕು ಅಂತ ತಿಂಗಳಿಂದ ಹೇಳಿಕೊಂಡು ತಿರುಗಿದ್ದೆ. ಬಂಡೂರು ಕುರಿ ಕೊಳ್ಳುವವನು ಮೊದಲು ಮಾಡುವ ಕೆಲಸ ಅದರ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂರುವುದು. ಹಿಂಗಾಲ ತೊಡೆಗಳ ನಡುವೆ ಲಾಳ ಕವುಚಿಟ್ಟ ಹಾಗೆ ಕಂಡರೆ ಅದು ಬಂಡೂರು. ಇಲ್ಲದಿದ್ದರೆ ಬರೀ ಕುರಿ. ಇದು ಮಕ್ಕಳಿಗೂ ಗೊತ್ತು. ಆದರೆ ಅಂದು ಊರಿನವರು ಐದಾರು ಜನ ನನ್ನ ಜೊತೆಯಲ್ಲಿದ್ದರು. ಹಿಂದೆ ಕೂತು ನೋಡುವುದು ಕಲಿಯುವವರ ಕೆಲಸ, ನಾನು ಕಣ್ಣು ನೋಡಿಯೇ ತಳಿ ಹೇಳುತ್ತೇನೆ ಅಂದುಬಿಟ್ಟೆ. ಟಗರಿನ ಕಣ್ಣು ನೋಡಿದೆ. ಅದೂ ನನ್ನ ಕಣ್ಣು ನೋಡಿತು. ಅದಕ್ಕೇ ನನ್ನ ತಳಿ ಗೊತ್ತಾಗಿರಬೇಕು.

ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ ಅಂತ ನೀನು ಚೆನ್ನಾಗಿಯೇ ಬರೆದಿದ್ದೀಯ. ಇಬ್ಬರ ಕೈ ಮೇಲೆ ಒಂದು ಟವಲು ಹಾಕುತ್ತಾರೆ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿಯುತ್ತಾರೆ. ಹಿಡಿದ ಬೆರಳಿನ ಲೆಕ್ಕ ಆ ಇಬ್ಬರಿಗೆ ಬಿಟ್ಟರೆ ಸುತ್ತ ನಿಂತ ಯಾರಿಗೂ ಗೊತ್ತಾಗುವುದಿಲ್ಲ. ಟಗರಿನ ಯಜಮಾನ ಮರಿಸಿದ್ದಯ್ಯ ತನ್ನ ಬೆಲೆ ಹಿಡಿದ. ಕೊಳ್ಳುವವನು ಕಡಿಮೆ ಹಿಡಿಯಬೇಕು. ನಾನು ಅವನಿಗಿಂತ ಒಂದು ಬೆರಳು ಜಾಸ್ತಿ ಹಿಡಿದೆ. ಯಾರ ಕಣ್ಣಿಗೂ ಕಾಣದ ಆ ಟವಲಿನ ಕೆಳಗೂ ನನ್ನ ಜಂಭ ಬಿಡಲಿಲ್ಲ ನೋಡು. ಆ ಮನುಷ್ಯ ಗಾಬರಿಯಾಗಿ ನನ್ನ ಕಿವಿಯ ಹತ್ತಿರ ಬಂದು, "ಯಾಕಣ್ಣ, ಮೈಗೆ ಉಸಾರಿಲ್ವಾ" ಅಂತ ಕೇಳಿದ.

ಬೇಸಿಗೆ ರಜಕ್ಕೆ ನೀನು ಬಂದಾಗ ಮರಿಗಳು ಹುಟ್ಟಿದ್ದವು. ಊರೇ ನೋಡಲು ಬಂದಿತ್ತು. ಬಂಡೂರು ಮರಿ ದಿಂಬಿನ ಹಾಗೆ ಗುಂಡಗೆ, ಗಿಡ್ಡಗೆ ಇರಬೇಕು. ಇವಕ್ಕೆ ಕಾಲುಗಳೇ ಕಾಲುಗಳು. ಟೀ ಅಂಗಡಿ ಶಿವಯ್ಯ ಬಗ್ಗಿ ನೋಡಿ, ನೆಟ್ಟಗೆ ನಿಂತು, ನಿಧಾನವಾಗಿ ಅಂದ, "ಸಿದ್ರಾಮಣ್ಣ, ಇದ್ಕೆ ಜೀನು ಕಟ್ಟುದ್ರೆ ಮದ್ದೂರ್ಗಂಟ ಸವಾರಿ ಓಗ್ಬೋದು ಕಣಣ್ಣ." ಆ ನಗು ಇದೆಯಲ್ಲ, ಮರದ ಮೇಲಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದುಬಿಟ್ಟವು. ಟಗರನ್ನು ಮಾಂಸದ ಅಂಗಡಿಗೆ ಹೊಡೆದುಕೊಂಡು ಹೋಗಿ ಮಾರಿದೆ. ಎಷ್ಟು ಹೋಯಿತು ಅಂತ ಯಾರೋ ಕೇಳಿದರು. ನಿಜ ಹೇಳಿದ್ದರೆ ಅದಕ್ಕೂ ನಗುತ್ತಿದ್ದರು. ಇಪ್ಪತ್ತು ಸಾವಿರ ಅಂದೆ. ನಗು ನಿಂತಿತು. ದೊಡ್ಡ ಮೊತ್ತಕ್ಕೆ ಜನ ಮರ್ಯಾದೆ ಕೊಡುತ್ತಾರೆ ಅಂತ ಅಂದು ಕಲಿತೆ. ನೀನು ಹೈಸ್ಕೂಲಿಗೆ ಬರುವಾಗ ಅದು ಎಂಬತ್ತು ಸಾವಿರವಾಗಿತ್ತು. ಕಾಲೇಜು ಸೇರುವಾಗ ಎರಡು ಲಕ್ಷ. ನಮ್ಮ ರೊಪ್ಪದಲ್ಲಿ ಅಷ್ಟು ಪುಷ್ಟಿಯಾಗಿ ಬೆಳೆದದ್ದು ಅದೊಂದೇ.

ಈಗ ಸಿಳ್ಳೆಯ ವಿಷಯ.

ಊರು ನಕ್ಕ ಮರುದಿನ ಬೆಳಿಗ್ಗೆ ನಾನು ಏಳಲಿಲ್ಲ ಕಣಮ್ಮ. ಅದರ ಮರುದಿನವೂ ಏಳಲಿಲ್ಲ. ರೊಪ್ಪದ ಮೂಲೆಯಲ್ಲಿ ಗೋಣಿಚೀಲ ಹೊದ್ದು, ಗೋಡೆ ಕಡೆ ಮುಖ ಮಾಡಿ ಬಿದ್ದಿದ್ದೆ. ದುಡ್ಡಿಗಲ್ಲ. ದುಡ್ಡು ಹೋದರೆ ಒಂದು ವರ್ಷ ಬೀಡಿ ಬಿಟ್ಟರೆ ಬರುತ್ತದೆ. ಇನ್ನು ನಾನು ಬಾಯಿ ಬಿಟ್ಟರೆ ಜನ ಆ ಮರಿಗಳ ಕಾಲು ನೆನೆಸಿಕೊಳ್ಳುತ್ತಾರೆ ಅನ್ನುವುದಕ್ಕೆ. ಮಾತಿನ ಮೇಲೆ ಬದುಕಿದವನಿಗೆ ಮಾತು ಹೋದರೆ ಏನಿದೆ. ನಿನ್ನ ಅತ್ತೆ ಬೆಳ್ಳಮ್ಮ ಮುದ್ದೆ ತಟ್ಟೆ ತಂದು ಇಡುವಳು, ಹಾಗೇ ಎತ್ತಿಕೊಂಡು ಹೋಗುವಳು. ಬೈಯಲೂ ಇಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಆಗ ರೊಪ್ಪದೊಳಗೆ ಯಾರೋ ಪೊರಕೆ ಎಳೆಯುವ ಸದ್ದು ಬಂತು. ನೀನು. ನಿನಗಿಂತ ಪೊರಕೆ ಉದ್ದ ಇತ್ತು. ಯಾರೂ ಹೇಳದೆ ಹಿಕ್ಕೆ ಗುಡಿಸುತ್ತಿದ್ದೆ, ಗುಡಿಸುತ್ತಾ ಸಿಳ್ಳೆ ಹಾಕುತ್ತಿದ್ದೆ. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಬರೀ ಗಾಳಿ ಬರುತ್ತಿತ್ತು, ಸುಯ್ ಸುಯ್ ಅಂತ. ನಾನು ಚೀಲದೊಳಗೆ ಎಷ್ಟು ಹೊತ್ತು ಅಂತ ತಡೆಯಲಿ. ಕೊನೆಗೆ ಒಳಗಿಂದಲೇ ಅಂದೆ, "ಅದೇನಮ್ಮಿ ಅದು, ಪಂಚರ್ ಟ್ಯೂಬ್ ಒತ್ದಂಗೆ."

ನೀನು ಪೊರಕೆ ನಿಲ್ಲಿಸಲಿಲ್ಲ. "ಮತ್ತೆ ನೀನೇ ಏಳ್ಕೊಡು. ಅಲ್ಲೇ ಬಿದ್ಕಂಡಿದ್ರೆ ನಂಗೆಂಗ್ ಬತ್ತದೆ."

ಮುಖದ ಮೇಲೆ ಗೋಣಿ ಹೊದ್ದು ಸಿಳ್ಳೆ ಹಾಕಲು ಯಾರಿಂದಲೂ ಆಗುವುದಿಲ್ಲ. ತೆಗೆಯಬೇಕಾಯಿತು. ತುಟಿ ಹೇಗೆ ಮಡಿಸಬೇಕು ಅಂತ ತೋರಿಸಲು ಎದ್ದು ಕೂರಬೇಕಾಯಿತು. ನಾನು ಹಾಕಿದೆ, ನೀನು ಹಾಕಿದೆ. ನೀನು ಒಂದು ಉದ್ದ ಕಾಲಿನ ಮರಿಯನ್ನು ತಬ್ಬಿಕೊಂಡು, ಇದು ಎಲ್ಲಕ್ಕಿಂತ ಜೋರಾಗಿ ಓಡುತ್ತದೆ, ಅಲ್ವಾ ಮಾವ ಅಂತ ಕೇಳಿದೆ. ಊರೆಲ್ಲ ನಕ್ಕ ಕಾಲುಗಳು ನಿನಗೆ ಓಡುವ ಕಾಲುಗಳಾಗಿ ಕಂಡಿದ್ದವು. ಹೌದು ಅಂದೆ. ನಿನ್ನ ಕೈಯಿಂದ ಪೊರಕೆ ಇಸಿದುಕೊಂಡೆ.

ನಿನಗೆ ನೆನಪಿರುವ ಸಿಳ್ಳೆ ಅದು. ನನ್ನದು ಜೋರಾಗಿತ್ತು, ಅದಕ್ಕೆ ನನ್ನದೇ ನೆನಪಿನಲ್ಲಿ ಉಳಿಯಿತು. ಮೊದಲು ಹಾಕಿದವಳು ನೀನು. ನನ್ನನ್ನು ನೋಡಿ ನೀನು ಬೆಳೆದೆ ಅಂತ ಇಡೀ ಪುಸ್ತಕ ಬರೆದಿದ್ದೀಯ. ನಾನು ಎದ್ದದ್ದು ಹಲ್ಲಿಲ್ಲದ ಒಂದು ಕೂಸನ್ನು ನೋಡಿ.

ಇದನ್ನು ನಿನಗೆ ಹೇಳದೆ ಇಟ್ಟುಕೊಂಡದ್ದು ಯಾಕೆ ಅಂದರೆ, ನಾನು ದೊಡ್ಡ ಮನುಷ್ಯ ಅಂತ ನಂಬಿರುವವಳು ಈ ಭೂಮಿಯ ಮೇಲೆ ನೀನೊಬ್ಬಳೇ. ಬೆಳ್ಳಮ್ಮ ಇದ್ದಾಗ ನನ್ನ ಕಥೆಗಳನ್ನು ಅವರೆಕಾಯಿ ಸುಲಿಯುತ್ತಾ ಕೇಳಿ, "ಇದ್ರಲ್ಲಿ ಉಪ್ಪು ವಸಿ ಜಾಸ್ತಿ ಆಯ್ತು" ಅನ್ನುತ್ತಿದ್ದಳು. ಅವಳು ಹೋದ ಮೇಲೆ ರುಚಿ ನೋಡುವವರಿಲ್ಲ. ಶಿವಯ್ಯನ ಅಂಗಡಿಯಲ್ಲಿ ನಾನು ಬೆಂಚಿನ ಮೇಲೆ ಕೂತರೆ ಎಲ್ಲರೂ ಫೋನ್ ತೆಗೆಯುತ್ತಿದ್ದರು. ಶಿವಯ್ಯ ಮಾತ್ರ ಗಿರಾಕಿ ಅಂತ ತಲೆ ಆಡಿಸುತ್ತಿದ್ದ, ಅದೂ ಟೀವಿ ಕಡೆ ನೋಡಿಕೊಂಡು. ಇನ್ನೊಂದು ತಿಂಗಳಿಗೆ ಹಕ್ಕಿಗಳೂ ಮರಿ ಕರೆದುಕೊಂಡು ಹೊರಟು ಹೋಗುತ್ತವೆ. ಆಮೇಲೆ ಸಂಜೆ ಹೊತ್ತು ಈ ಬೀದಿಯಲ್ಲಿ ಏನೂ ಕೇಳಿಸುವುದಿಲ್ಲ. ನಾನು ಜಗಲಿಯ ಮೇಲೆ ಕೂತು ನಿನಗೆ ಹೇಳಬೇಕಾದ ಸುಳ್ಳುಗಳನ್ನು ಜೋಡಿಸಿಕೊಳ್ಳುತ್ತಾ ಇರುತ್ತೇನೆ. ನೀನು ನಂಬುವುದನ್ನು ಬಿಟ್ಟರೆ ಆ ಕೆಲಸವೂ ಇರುವುದಿಲ್ಲ.

ಇರಲಿ. ನೀನು ಆ ಗೋಣಿಯ ಕೆಳಗೆ ಮಲಗಿರುವುದಕ್ಕಿಂತ ನಾನು ಸಣ್ಣವನಾಗುವುದೇ ವಾಸಿ.

ಆ ಮೈಸೂರಿನವರು ಯಾರೋ ಗೊತ್ತಿಲ್ಲ, ಅವರು ಹೇಳಿದ್ದು ಸರಿ. ಅಂಥ ಮಾವ ಎಲ್ಲೂ ಇಲ್ಲ. ಈ ಮಾತು ನಾನು ಒಪ್ಪಿಕೊಂಡೆ ಅಂತ ಅವರಿಗೆ ತಿಳಿಸಬೇಡ. ಹಾಳೆಗಳನ್ನು ತೂಕಕ್ಕೆ ಹಾಕಬೇಡ. ಆ ಅಧ್ಯಾಯ ತೆಗೆದು, ಮಾವನನ್ನು ಮೂಲೆಯಲ್ಲಿ ಗೋಣಿ ಹೊದಿಸಿ ಮಲಗಿಸು. ಪೊರಕೆಯನ್ನು ಹುಡುಗಿಯ ಕೈಗೆ ಕೊಡು. ಮರಿಗಳ ಕಾಲು ಎಷ್ಟು ಉದ್ದ ಬೇಕೋ ಅಷ್ಟು ಬರೆ, ನನಗೇನೂ ಬೇಜಾರಿಲ್ಲ. ಸ್ವಲ್ಪ ಬೇಜಾರಿದೆ, ಆದರೂ ಬರೆ.

ಗುರುವಾರ ಮೊದಲ ಬಸ್ಸಿಗೆ ಮಂಡ್ಯಕ್ಕೆ ಬರುತ್ತೇನೆ. ಬಾಗಿಲು ತಟ್ಟುವುದಿಲ್ಲ. ನಿನ್ನ ರೂಮಿನ ಕೆಳಗೆ ರಸ್ತೆಯಲ್ಲಿ ನಿಂತು ಸಿಳ್ಳೆ ಹಾಕುತ್ತೇನೆ. ಹೋದ ಸಂಕ್ರಾಂತಿಗೆ ನನ್ನ ಮುಂದಿನ ಹಲ್ಲುಗಳು ಬಿದ್ದವು, ನಾಚಿಕೆಗೆ ನಿನಗೆ ಹೇಳಿರಲಿಲ್ಲ. ಬರೀ ಗಾಳಿ ಬರುತ್ತದೆ. ಮಂಡ್ಯದ ಜನ ನಿಂತು ನೋಡುತ್ತಾರೆ. ತುಟಿ ಹೇಗೆ ಮಡಿಸಬೇಕು ಅಂತ ನೀನೇ ಕೆಳಗಿಳಿದು ಬಂದು ಹೇಳಿಕೊಡಬೇಕು.

ನಿನ್ನನ್ನು ನೋಡಿ ಎದ್ದ ನಿನ್ನ ಮಾವ,
ಸಿದ್ದರಾಮು

ಮರೆತಿದ್ದೆ: ಕಥೆ ತಿದ್ದುವಾಗ ಮೊತ್ತವನ್ನೂ ಸರಿ ಮಾಡಿಕೋ. ಮರಿಸಿದ್ದಯ್ಯ ತೀರಿಹೋಗಿದ್ದಾನೆ, ಬೆಳ್ಳಮ್ಮನಿಗೂ ನಾನು ಹೇಳಿರಲಿಲ್ಲ, ಆದ್ದರಿಂದ ಆ ಟವಲನ್ನು ಎತ್ತಿ ತೋರಿಸುವವನು ನಾನೊಬ್ಬನೇ. ಅವನು ಹಿಡಿದದ್ದು ಐದು ಬೆರಳು, ನಾನು ಐದೂ ಹಿಡಿದು ಬಿಟ್ಟು ಮತ್ತೊಂದು ಹಿಡಿದೆ, ಒಟ್ಟು ಆರು, ಬೆರಳಿಗೊಂದು ಸಾವಿರ. ಮಾಂಸದ ಅಂಗಡಿಯವನು ಎರಡು ಸಾವಿರದ ನಾನೂರು ಕೊಟ್ಟ. ನಾನು ಕಳೆದುಕೊಂಡದ್ದು ಮೂರು ಸಾವಿರದ ಆರುನೂರು ರೂಪಾಯಿ.