ಭೂಮಿಕಾಳಿಗೆ ತಪ್ಪಿದ ಸೂಜಿ

ಕೃಷ್ಣಗಿರಿ
17 ಆಗಸ್ಟ್ 2025

ಪ್ರೀತಿಯ ಶಶಿ,

ಚೆನ್ನಾಗಿದ್ದೀಯಾ ಎಂದು ಕೇಳಲು ಬಾಯಿ ಬರುತ್ತಿಲ್ಲ ಕಣೇ. ನೀನು ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಪರೀಕ್ಷೆ ಇತ್ತು ಅನ್ನಬಹುದು, ಆದರೆ ಅದು ಮುಗಿದು ಹನ್ನೆರಡು ದಿನವಾಯಿತು. ಮಾತಾಡಿದರೆ ಅತ್ತುಬಿಡುತ್ತೇನೆಂದು ಬರೆಯುತ್ತಿದ್ದೇನೆ. ನನ್ನ ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೇ ಇದೆ, ನಗಬೇಡ.

ಮೊನ್ನೆ ಜವಳಗಿರಿಗೆ ಬಂದಾಗ ನೀನು ಫ್ಯಾಕ್ಟರಿಗೆ ಹೋಗಿದ್ದೆ. ನಿನ್ನ ಮಗಳು ಭೂಮಿಕಾ ಜಗಲಿಯಲ್ಲಿ ನನಗೆ ಬೆನ್ನು ಮಾಡಿ ಆಡುತ್ತಿದ್ದಳು. ಕರೆದೆ, ಚಪ್ಪಾಳೆ ತಟ್ಟಿದೆ, ತಿರುಗಲಿಲ್ಲ. ನಿಮ್ಮತ್ತೆ ಗೋವಿಂದಮ್ಮ ‘ಬಾ ವನಿತಾ’ ಎಂದು ಕಾಫಿ ತಂದುಕೊಟ್ಟರು.

“ದಡಾರ ಎದ್ಮೇಲೆ ಕಿವಿ ಸೋರ್ತು ಕಣವ್ವ, ಆವಾಗಿಂದ ಇಂಗೇ. ಒಂಬತ್ತು ತಿಂಗಳ ದಡಾರದ ಸೂಜಿ ಆಕ್ಸಾಣ ಅಂತ ಶಶಿ ಬಡ್ಕೊಂಡ್ಲು. ನಾನೇ, ವನಿತಾ ಡಾಕ್ಟ್ರಿಗೆ ಓದ್ತಾವ್ಳೆ, ಅವ್ಳೇ ಬಂದು ಮಕ್ಳ ಲೆಕ್ಕ ಬರ್ಕೊಂಡು ಹೋಗವ್ಳೆ, ನರ್ಸಮ್ಮ ಮನೆಗೇ ಬತ್ತಾರೆ ಸುಮ್ಕಿರು ಅಂದೆ” ಎಂದು ಹಣೆ ಚಚ್ಚಿಕೊಂಡರು. ನಾನು ಕಾಫಿ ಕುಡಿದು ಎದ್ದು ಬಂದೆ.

ಮಕ್ಕಳ ಡಾಕ್ಟರಾಗುತ್ತೇನೆ, ಯಾರ ಮನೆಯ ಮಗುವಾದರೂ ಒಂದೇ ಥರ ನೋಡುತ್ತೇನೆ ಎಂದು ಹೊಸೂರು ಹಾಸ್ಟೆಲ್ಲಿನಲ್ಲಿ ನಿನ್ನ ತಲೆ ತಿಂದವಳು ನಾನು. ಈಗ ಎಂಬಿಬಿಎಸ್ ಮೂರನೇ ವರ್ಷ. ಹೋದ ಸೆಪ್ಟೆಂಬರ್‌ನಲ್ಲಿ ನಿಮ್ಮೂರಲ್ಲಿ ಮಾಡಿದ ಲಸಿಕೆ ಸರ್ವೆಗೆ ಕಾಲೇಜಿನಲ್ಲಿ ಬಹುಮಾನವೂ ಬಂತು. ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಕಿವಿ ಡಾಕ್ಟರ ಹತ್ತಿರ ಮಾತಾಡಿದ್ದೇನೆ. 25ನೇ ತಾರೀಕು ಸೋಮವಾರ ಬನ್ನಿ. ಯಂತ್ರ ಹಾಕಿದರೆ ಕೇಳಿಸುತ್ತದೋ ಇಲ್ಲವೋ ಪರೀಕ್ಷೆ ಮಾಡಿದ ಮೇಲೆಯೇ ಹೇಳುತ್ತಾರಂತೆ. ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಅತ್ತೆಗೆ ನಮಸ್ಕಾರ ಹೇಳು. ದೇವರು ನಿನ್ನ ಮಗುವನ್ನು ಕಾಯಲಿ.

ನಿನ್ನ
ವನಿತಾ

ಮರೆತು ಉಳಿದದ್ದಲ್ಲ, ಹೆದರಿ ಉಳಿಸಿಕೊಂಡದ್ದು: ನರ್ಸಮ್ಮನದು ತಪ್ಪಿಲ್ಲ ಶಶಿ. ಸರ್ವೆ ಮಾಡಿ ನಾನು ಅವರಿಗೆ ಕೊಟ್ಟ ಪಟ್ಟಿಯಲ್ಲಿ ಭೂಮಿಕಾಳ ಹೆಸರೇ ಇರಲಿಲ್ಲ. ನೀನು ಬಾಣಂತನಕ್ಕೆ ತವರಿಗೆ, ಆನೇಕಲ್ಲಿಗೆ ಹೋಗಿದ್ದರಿಂದ ಅವಳ ಲಸಿಕೆ ಕಾರ್ಡು ಕರ್ನಾಟಕದ್ದು, ನಿಮ್ಮೂರು ಗಡಿಯ ಈಚೆ. ಅಂಥ ಮಕ್ಕಳಿಗೆ ಬೇರೆ ಎರಡು ಹಾಳೆ ತುಂಬಬೇಕಿತ್ತು. ನನಗೆ ಬಸ್ಸಿಗೆ ಹೊತ್ತಾಗಿತ್ತು. ‘ಹೊರರಾಜ್ಯ’ ಎಂದು ಬರೆದು ಹೆಸರು ಹೊಡೆದುಹಾಕಿದೆ. ಸರ್ವೆಯಲ್ಲಿ ನಿಮ್ಮೂರಿಗೆ ನೂರಕ್ಕೆ ನೂರು ಬಂದದ್ದು ಹಾಗೆ. ಅತ್ತೆಗೆ ಇದನ್ನು ಓದಿ ಹೇಳು, ತಪ್ಪು ಅವರದಲ್ಲ. ಸೋಮವಾರ ನನ್ನ ಜೊತೆ ಒಂದು ಮಾತೂ ಆಡಬೇಡ, ಆದರೆ ಮಗುವನ್ನು ಕರೆದುಕೊಂಡು ಬಾ.