ಅಣ್ಣನ ದನಿಯ ಕಂಪ್ಯೂಟರ್

ಹನ್ನೊಂದು, ಮಂಗಳವಾರ.

ಆ ದನಿ ಇನ್ನೂ ಕಿವಿಯಿಂದ ಹೋಗಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಅಣ್ಣ ಮಾತಾಡಿದ್ದೆಲ್ಲ ಹಳೇ ಕಂಪ್ಯೂಟರಿನ ಬಾಯಿಂದಲೇ. ಅವನು ಟೈಪ್ ಮಾಡುತ್ತಿದ್ದ, ಅದು ಮೂಗಿನಲ್ಲಿ ಗೊಣಗುತ್ತಿತ್ತು. ಅವನ ಕೊನೆಯ ದಿನ ಆಸ್ಪತ್ರೆಯಲ್ಲಿ ಟೈಪ್ ಮಾಡಿದ್ದು ಮಾತ್ರ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿತ್ತು. ಮೊನ್ನೆ ಕೇಳಿಸಹೋದಾಗ ಲ್ಯಾಪ್‌ಟಾಪಿನ ನಯವಾದ ದನಿ ಬಾಯಿ ತೆರೆಯುತ್ತಲೇ ಅತ್ತಿಗೆ ನಿಲ್ಲಿಸಿಬಿಟ್ಟಿದ್ದರು. "ಇದ್ಯಾರೋ ಬೇರೆಯವರು ಕಣೋ. ನಿಮ್ಮಣ್ಣನ ದನಿಯಲ್ಲೇ ಕೇಳಿಸು."

ಇವತ್ತು ಸಂಜೆ ಕೂತೆ. ಹೊಸದರ ಫೈಲು ಹಳೆಯದಕ್ಕೆ ಅರ್ಥವಾಗದು. ಬರೀ ಅಕ್ಷರಗಳನ್ನಷ್ಟೇ ಉಳಿಸಿ ಫ್ಲಾಪಿಗೆ ಹಾಕಿದೆ. ಎರಡು ಫ್ಲಾಪಿ ಕೈಕೊಟ್ಟವು. ಇನ್ನೊಂದನ್ನು ಹಳೇ ಕಂಪ್ಯೂಟರ್ ಕರಕರ ಎನ್ನುತ್ತಾ ಓದಿಕೊಂಡಿತು. ಪಕ್ಕದಲ್ಲಿ ಅತ್ತಿಗೆ ಉಸಿರು ಬಿಗಿಹಿಡಿದು ಕೂತಿದ್ದರು.

"ಆ ಕಿಟಕಿ ಹಾಕೇ, ಚಳಿ ಆಗ್ತಿದೆ," ಎಂದಿತು ಅಣ್ಣನ ದನಿ.

"ಹಾಕ್ದೆ ರೀ," ಎನ್ನುತ್ತಾ ಅತ್ತಿಗೆ ಎದ್ದು ಹೋಗಿ ಕಿಟಕಿ ಹಾಕಿ ಬಂದರು. ಮತ್ತೆ ಕೂತು, ಮುಂದೇನು ಹೇಳುತ್ತಾರೋ ಎಂದು ಕಾದರು. ಫೈಲಿನಲ್ಲಿದ್ದದ್ದು ಅದೊಂದೇ ಸಾಲು.

ಅವರಿನ್ನೂ ಅಲ್ಲೇ ಕೂತಿದ್ದಾರೆ. ಈ ಸೆಕೆಗೆ ಬೆವರು ಧಾರೆಯಾಗಿ ಇಳಿಯುತ್ತಿದೆ. ಆದರೂ ಆ ಕಿಟಕಿ ತೆಗೆಯಲು ನನ್ನ ಕೈ ಏಳುತ್ತಿಲ್ಲ.