ಒಂದೂ ಬಿಡದ ರೋಜಾ

ಸಾಲಗುಂದ, ತಾ. ಸಿಂಧನೂರು
9-4-1995

ಪ್ರೀತಿಯ ಜೈನಾಬೀ ಆಪಾಗೆ, ನಿನ್ನ ತಂಗಿ ಬಿಬಿಜಾನ್ ಮಾಡುವ ಸಲಾಮು.

ಲಿಂಗಸುಗೂರಿನಲ್ಲಿ ನೀನು, ಭಾವ, ಮಕ್ಕಳು ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ನಾನು ಉಸಿರಾಡಿಕೊಂಡಿದ್ದೇನೆ. ನಿನ್ನ ಕಾಗದ ಬಂದು ಸುಮಾರು ದಿನವಾಯಿತು, ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಈ ಮನೆಯಲ್ಲಿ ಈಗ ನಾನು ಪೆನ್ನು ಹಿಡಿದರೆ ಸಾಕು, ಯಾರಿಗೆ ಬರೆಯುತ್ತಿದ್ದಾಳೆ ಎಂಬ ಮಾತು ಏಳುತ್ತದೆ. ಇವತ್ತು ಅತ್ತೆ ಮದುವೆಗೆಂದು ಗೊರೇಬಾಳಕ್ಕೆ ಹೋಗಿದ್ದಾಳೆ. ಬರೆದು ಮುಗಿಸಿ ಪಕ್ಕದ ಮನೆಯ ಯಮನೂರಮ್ಮನ ಕೈಗೆ ಕೊಟ್ಟರೆ ಅವಳು ಡಬ್ಬಿಗೆ ಹಾಕುತ್ತಾಳೆ.

ಕಾಲುವೆಯ ನೀರು ಕಡೆಯ ಹೊಲದ ತನಕ ಬಂದದ್ದರಿಂದ ಈ ಸಲ ನೆಲ್ಲು ಚೆನ್ನಾಗಿದೆ. ಎಮ್ಮೆ ಕರು ಹಾಕಿತು. ಹೇಳಿದ್ದಕ್ಕಿಂತ ತಡವಾಗಿಯೇ ಹಾಕಿತು, ಆದರೂ ಅದನ್ನು ಯಾರೂ ಯಾಕೆ ತಡ ಎಂದು ಕೇಳಲಿಲ್ಲ. ಎಮ್ಮೆಯ ನಸೀಬು ದೊಡ್ಡದು.

ಆಪಾ, ಊರವರ ಬಾಯಿಂದ ಕೇಳಿದ್ದನ್ನು ಒಮ್ಮೆ ನನ್ನ ಬಾಯಿಂದಲೂ ಕೇಳು. ಇವರು ಮೊಹರಂ ಮುಗಿಸಿಕೊಂಡು ಸೌದಿಗೆ ಗಾಡಿ ಓಡಿಸಲು ಹೋದದ್ದು ನಿನಗೆ ಗೊತ್ತೇ ಇದೆ. ಅವರಿಲ್ಲದ ಮೊದಲ ರಂಜಾನು. ಅವರು ಅಲ್ಲಿ ಚೆನ್ನಾಗಿರಲಿ ಎಂದು ಮನಸ್ಸಿಟ್ಟು ರೋಜಾ ಹಿಡಿದೆ. ನನ್ನ ಮುಟ್ಟು ಮೊದಲಿನಿಂದಲೂ ಹೇಳಿದ ಮಾತು ಕೇಳುವುದಲ್ಲ. ಮಸ್ಕಿಯಲ್ಲಿ ಸಾಲಿಗೆ ಹೋಗುವಾಗಲೇ ಒಮ್ಮೆ ಬಂದರೆ ಎರಡು ತಿಂಗಳು ಮುಖ ತೋರಿಸುತ್ತಿರಲಿಲ್ಲ. ರಂಜಾನಿನಲ್ಲಿಯೂ ಬರಲಿಲ್ಲ. ಬೇರೆ ಹೆಂಗಸರು ಮುಟ್ಟಾದ ಆ ನಾಲ್ಕಾರು ದಿನ ರೋಜಾ ಬಿಟ್ಟು ಆಮೇಲೆ ತೀರಿಸುತ್ತಾರೆ. ನಾನು ಒಂದನ್ನೂ ಬಿಡಬೇಕಾಗಲಿಲ್ಲವಲ್ಲ ಎಂದು ಹಿಗ್ಗಿದೆ, ದಡ್ಡಿ.

ಹಬ್ಬದ ದಿನ ಸುರಕುಂಬಾ ಕುಡಿಯಲು ಓಣಿಯ ಹೆಂಗಸರು ಬಂದಿದ್ದರು. ನಮ್ಮ ಸೊಸೆ ಒಂದೂ ರೋಜಾ ಬಿಟ್ಟಿಲ್ಲ ಎಂದು ಅತ್ತೆ ಹೆಮ್ಮೆಯಿಂದ ಹೇಳಿಕೊಂಡಳು. ಮೆಹಬೂಬ್‌ಬೀ ಬಟ್ಟಲು ಕೆಳಗಿಟ್ಟಳು.

“ಒಂದೂ ಬಿಟ್ಟಿಲ್ಲಂದ್ರ ಅಕಿ ಮುಟ್ಟ ಆಗಿಲ್ಲೇನು? ಗಂಡ ನೋಡಿದ್ರ ಸೌದಿಯಾಗ ಅದಾನ.”

ಅಲ್ಲಿಗೆ ನಮ್ಮ ಮನೆಯ ಹಬ್ಬ ಮುಗಿಯಿತು.

ಇವರು ಊರಲ್ಲಿದ್ದಾಗ ನನ್ನ ಮುಟ್ಟು ವಾರ ತಡವಾದರೆ ಇದೇ ಅತ್ತೆ ಹಾಲಿಗೆ ಬಾದಾಮಿ ಹಾಕಿ ಕೊಡುತ್ತಿದ್ದಳು. ಒಮ್ಮೆ ತಾನೇ ಸಿಂಧನೂರಿಗೆ ಕರೆದುಕೊಂಡು ಹೋಗಿ ಮೂತ್ರ ಪರೀಕ್ಷೆ ಮಾಡಿಸಿದ್ದಳು. ಇಲ್ಲ ಎಂದಾಗ ವಾಪಸು ಬರುವ ಬಸ್ಸಿನಲ್ಲಿ ನನಗಿಂತ ಹೆಚ್ಚು ಅತ್ತವಳೂ ಅವಳೇ. ಅದೇ ಮೈ, ಅದೇ ತಡ. ಈಗ ನನ್ನ ತಟ್ಟೆಗೆ ರೊಟ್ಟಿ ಹಾಕುವಾಗಲೂ ಅವಳ ಕಣ್ಣು ನನ್ನ ಹೊಟ್ಟೆಯ ಮೇಲೆ. ಬಟ್ಟೆ ಒಗೆಯಲು ಕಾಲುವೆಗೆ ಒಬ್ಬಳೇ ಹೋಗುವಂತಿಲ್ಲ. ತಿಂಗಳಿಗೊಮ್ಮೆ ಇವರ ಫೋನು ಬರುವ ಎಸ್‌ಟಿಡಿ ಬೂತಿನಲ್ಲಿಯೂ ಗಾಜಿನ ಒಳಗೆ ನನ್ನ ಮಗ್ಗುಲಿಗೇ ನಿಲ್ಲುತ್ತಾಳೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಯಾವ ಬಸ್ಸಿಗೆ ಬರುತ್ತದೋ ಕಾಣೆ.

ಪರೀಕ್ಷೆ ಮಾಡಿಸೋಣ ಎಂದರೆ, ಏನೂ ಇಲ್ಲದವಳಿಗೆ ಪರೀಕ್ಷೆ ಯಾಕೆ ಅನ್ನುತ್ತಾರೆ. ಮಾಡಿಸದಿದ್ದರೆ, ಅಂಜಿದಳು ಅನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ. ಕಡೆಗೆ ಯಮನೂರಮ್ಮನೇ ಧೈರ್ಯ ಮಾಡಿ, ಸಿಂಧನೂರಿನಲ್ಲಿ ತನ್ನ ಕಣ್ಣು ತೋರಿಸಿಕೊಂಡು ಬರಬೇಕು, ಜೊತೆಗೆ ಕಳಿಸಿರಿ ಎಂದು ಅತ್ತೆಗೆ ಸುಳ್ಳು ಹೇಳಿದಳು. ಬೆಳಿಗ್ಗೆ ಎದ್ದ ಕೂಡಲೇ ಹೋದ ಮೂತ್ರವೇ ಆಗಬೇಕು ಎಂದು ಹಿಂದೆ ಕಲಿತಿದ್ದೆನಲ್ಲ, ತೊಳೆದ ಟಾನಿಕ್ ಬಾಟಲಿಯಲ್ಲಿ ಹಿಡಿದು, ಸೆರಗಿನೊಳಗೆ ಸುತ್ತಿಕೊಂಡು, ಕಳ್ಳಬಟ್ಟಿ ಸಾಗಿಸುವವಳ ಹಾಗೆ ಬಸ್ಸು ಹತ್ತಿದೆ.

ಡಾಕ್ಟರಮ್ಮ ಗಂಡ ಎಲ್ಲಿದ್ದಾನೆ ಎಂದು ಕೇಳಿದಳು. ಹೇಳಿದೆ. ಬಾಟಲಿ ತೆಗೆದುಕೊಂಡು ಒಳಗೆ ಹೋದಳು. ಬಂದು, ಏನೂ ಇಲ್ಲ ಎಂದಳು. ತಿಂಗಳು ಸರಿಯಾಗಿ ಬರುವವರು ತಾರೀಖು ತಪ್ಪಿದ ವಾರದ ಮೇಲೆ ಮಾಡಿಸಬೇಕಂತೆ, ಅವಸರ ಮಾಡಿದರೆ ಇದ್ದದ್ದೂ ಇಲ್ಲ ಎಂದು ತೋರಿಸುತ್ತದಂತೆ. ಇಲ್ಲ ಎಂದು ಬಂದು ಆಮೇಲೂ ಮುಟ್ಟಾಗದಿದ್ದರೆ ಇನ್ನೊಂದು ವಾರ ಬಿಟ್ಟು ಮತ್ತೆ ನೋಡಬೇಕಂತೆ. ನನ್ನ ಹಾಗೆ ತಾರೀಖೇ ಇಲ್ಲದವರು ಗಂಡನ ಜೊತೆ ಇದ್ದ ದಿನದಿಂದ ಮೂರು ವಾರ ಎಣಿಸಿದರೆ ಸಾಕಂತೆ. ಉಪವಾಸ, ಚಿಂತೆ, ಮೈಯಲ್ಲಿ ರಕ್ತ ಕಡಿಮೆ, ಕುತ್ತಿಗೆಯ ಗ್ರಂಥಿಯ ತೊಂದರೆ, ಯಾವುದರಿಂದಲೂ ತಡವಾಗಬಹುದು, ಒಮ್ಮೆ ರಕ್ತ ಪರೀಕ್ಷೆಗೆ ಬಾ ಎಂದಳು. ನಾನು ಏಳುವಾಗ ಮೆಲ್ಲಗೆ, “ಗಂಡ ಹೋಗಿ ಇಷ್ಟು ತಿಂಗಳಾದ ಮೇಲೆ ಈ ಪರೀಕ್ಷೆ ನಿನಗೆ ಬೇಕಿರಲಿಲ್ಲಮ್ಮ, ನಿನ್ನ ಮನೆಯವರಿಗೆ ಬೇಕಿತ್ತು,” ಎಂದಳು.

ಆ ಮನೆಯವರಿಗೆ ಬಂದು ಹೇಳಿದೆ. ಅಲ್ಲೇ ನಾನು ಕೆಟ್ಟೆ. ಕದ್ದು ಹೋಗಿದ್ದೆಯಾ ಎಂದು ಅತ್ತೆ ಒಂದೇ ಮಾತು ಕೇಳಿದಳು. ವಾರ ತುಂಬುವುದರೊಳಗೆ ಮುಟ್ಟಾಯಿತು. ಹುಚ್ಚಿಯ ಹಾಗೆ ಹಿತ್ತಲಿಂದ ಓಡಿ ಬಂದು ಅವಳ ಕೈ ಹಿಡಿದು ಹೇಳಿದೆ. ಇಂಥ ಸುದ್ದಿಯನ್ನು ನಗುತ್ತ ಹೇಳಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಅತ್ತೆ ಕೈ ಬಿಡಿಸಿಕೊಂಡಳು.

“ಸಿಂಧನೂರಿಗೆ ಹೋಗಿ ಬಂದ ಮ್ಯಾಗ ಬಂತಲ್ಲ ಬೇ. ತಗಿಸ್ಕೊಂಡು ಬಂದೀ.”

ಮುಟ್ಟು ಬರದಿದ್ದರೆ ಬಸುರಿ, ಬಂದರೆ ಬಸಿರು ತೆಗೆಸಿದವಳು. ಇನ್ನು ನನ್ನ ಮೈಯಿಂದ ಯಾವ ಸಾಕ್ಷಿ ತಂದು ಕೊಡಲಿ, ಹೇಳು.

ಮೊನ್ನೆ ಇವರ ಫೋನು ಬಂತು. ಅತ್ತೆ ಮೊದಲೇ ಅವರಿಗೆ ಯಾರಿಂದಲೋ ಕಾಗದ ಬರೆಸಿ ಕಳಿಸಿದ್ದಳು. ಅವಳು ಮಗ್ಗುಲಲ್ಲಿದ್ದರೂ ಎಲ್ಲವನ್ನೂ ಹೇಳಿದೆ. ಕೇಳಿ, “ನಾ ಬರೂಮಟ ಮಸ್ಕ್ಯಾಗ ಇರು,” ಎಂದರು. ಬಂದು ಕರೆಸಿಕೊಳ್ಳುತ್ತಾರೋ, ಬಿಡುತ್ತಾರೋ, ಹೇಳಲಿಲ್ಲ. ಮಸ್ಕಿಯ ತವರಿನ ಬಾಗಿಲೂ ಹಾಕಿದೆಯಲ್ಲ. ಚಿಕ್ಕ ತಂಗಿಯ ನಿಖಾ ಮಾತು ನಡೆದಿದೆ, ಈಗ ಬರಬೇಡ ಎಂದು ಅಮ್ಮ ನಿನ್ನ ಕಾಗದದಲ್ಲೇ ಬರೆಸಿದ್ದಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಂಜಿಕೆಯಾಗುತ್ತದೆ ಆಪಾ. ಇರುವ ಮನೆಯಲ್ಲಿ ಇರಲಾರೆ, ಹೋಗಲು ಮನೆಯಿಲ್ಲ.

ಭಾವನಿಗೆ ಸಲಾಮು ಹೇಳು, ಮಕ್ಕಳಿಗೆ ನನ್ನ ದುವಾ. ಚಿಕ್ಕವಳ ನಿಖಾ ಚೆನ್ನಾಗಿ ಆಗಲಿ. ನಿನ್ನ ಮನೆಯನ್ನು ಅಲ್ಲಾಹು ತಂಪಾಗಿಟ್ಟಿರಲಿ.

ನಿನ್ನ ತಂಗಿ
ಬಿಬಿಜಾನ್

ತಾ.ಕ.: ನಿನ್ನ ಕಾಗದದ ಕಡೆಯ ಸಾಲಿಗೆ ಉತ್ತರ ಬರೆಯದೆ ಮುಗಿಸಬೇಕೆಂದಿದ್ದೆ, ಆಗಲಿಲ್ಲ. “ಬಸಿರು ಯಾರದು ಎಂದು ನನ್ನೊಬ್ಬಳಿಗೆ ಹೇಳು, ಅಮ್ಮನಿಗೂ ಹೇಳುವುದಿಲ್ಲ” ಎಂದು ಬರೆದಿದ್ದೀ. ಅತ್ತೆಯ ಮಾತಿಗೆ ನಾನು ಅಳಲಿಲ್ಲ, ಇವರು ಮಸ್ಕಿಗೆ ಹೋಗು ಎಂದಾಗಲೂ ಅಳಲಿಲ್ಲ. ಆ ಸಾಲು ಓದಿ ಅತ್ತುಬಿಟ್ಟೆ. ನೀನು ಅದನ್ನು ಸಿಟ್ಟಿನಿಂದ ಬರೆದಿದ್ದರೆ ಜಗಳವಾಡುತ್ತಿದ್ದೆ. ಪ್ರೀತಿಯಿಂದ ಬರೆದಿದ್ದೀ.